ಬಾಲಮಂದಿರದಿಂದ ಹೊರಬಂದ ಹುಡುಗರಿಗೆ ಮನೆ ಕೊಡಬೇಕು ಅಂತಿದ್ದೇವೆ, ಬೀಗದ ಕೈ ಕೊಟ್ಟರೆ ಸಾಕಾ?

ಕೆಂಗೇರಿ ಸೊಸೆ:

ಎಲ್ಲರಿಗೂ ನಮಸ್ಕಾರ. ಅತ್ತೆಯವರು ಮೈಸೂರಿನ ನಾದಿನಿ ಮನೆಗೆ ಹೋಗಿ ಸೇರಿದ ಮೇಲೆ ಕೆಂಗೇರಿ ಉಪನಗರದ ಅವರ ಮನೆ ಖಾಲಿ ಇದೆ. ಎರಡು ಬೆಡ್‌ರೂಂ, ದೊಡ್ಡ ಹಾಲ್, ಹಿಂದೆ ಬಟ್ಟೆ ಒಗೆಯುವ ಕಲ್ಲು. ಕಾವೇರಿ ನೀರಿದೆ, ಮೆಟ್ರೋ ನಡೆದು ಹೋಗುವಷ್ಟು ಹತ್ತಿರ. ಬ್ರೋಕರ್ ಆಗಲೇ ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ. ಅತ್ತೆ ಮಾತ್ರ ಬಾಡಿಗೆಗೆ ಕೊಡಲು ಒಪ್ಪುತ್ತಿಲ್ಲ. ಅವರು ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದವರು, ಹತ್ತಿರದ ಬಾಲಮಂದಿರದ ಮಕ್ಕಳು ಅವರ ಕ್ಲಾಸಿಗೇ ಬರುತ್ತಿದ್ದರು. ಹದಿನೆಂಟು ತುಂಬಿದ ಕೂಡಲೇ ಆ ಮಕ್ಕಳು ಒಂದು ಬ್ಯಾಗ್ ಹಿಡಿದು ಹೊರಗೆ ಬರುತ್ತಾರೆ, ಆಮೇಲೆ ಎಲ್ಲಿ ಮಲಗುತ್ತಾರೆ ಅಂತ ಯಾರೂ ಕೇಳುವುದಿಲ್ಲ, ಈ ಮನೆಯಲ್ಲಿ ಅಂಥ ನಾಲ್ಕು ಹುಡುಗರಾದರೂ ಇರಲಿ ಅನ್ನುವುದು ಅವರ ಹಟ.

ನನಗೂ ನನ್ನ ಗಂಡನಿಗೂ ಮನಸ್ಸಿದೆ. ಭಯವೂ ಇದೆ, ಸುಳ್ಳು ಯಾಕೆ ಹೇಳಲಿ. ಯಾರನ್ನು ಕೇಳಿ ಹುಡುಗರನ್ನು ಕರೆತರುವುದು? ಬಾಡಿಗೆ ಪೂರ್ತಿ ಬಿಡಬೇಕಾ, ಸ್ವಲ್ಪ ತೆಗೆದುಕೊಳ್ಳಬೇಕಾ? ಅಕ್ಕಪಕ್ಕದವರು ಬ್ಯಾಚುಲರ್ಸ್ ಅಂದರೇ ಮುಖ ಸಿಂಡರಿಸುತ್ತಾರೆ. ನಾವಿರುವುದು ವೈಟ್‌ಫೀಲ್ಡ್‌ನಲ್ಲಿ, ದಿನಾ ಹೋಗಿ ನೋಡಲು ಆಗುವುದಿಲ್ಲ. ಮಂಚ, ಫ್ಯಾನ್, ಗ್ಯಾಸ್ ಎಲ್ಲ ಹೊಂದಿಸಿ ಬೀಗದ ಕೈ ಕೊಟ್ಟುಬಿಟ್ಟರೆ ಸಾಕಾ, ಇನ್ನೇನಾದರೂ ಬೇಕಾ? ಹತ್ತಿರದಿಂದ ನೋಡಿದವರು ದಯವಿಟ್ಟು ಹೇಳಿ. 'ಒಳ್ಳೇದಾಗಲಿ' ಅನ್ನುವ ಕಾಮೆಂಟ್ ಬೇಡ, ಅದು ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಬೇಕಾದಷ್ಟು ಬಂದಿದೆ.

ಫೀಲ್ಡ್ ವರ್ಕರ್:

ಮೇಡಂ, ಸಾಲುವುದಿಲ್ಲ. ನಾನು ಬೆಂಗಳೂರಿನಲ್ಲಿ ಇದೇ ವಯಸ್ಸಿನವರ ಜೊತೆ ಕೆಲಸ ಮಾಡುತ್ತೇನೆ, ಸಂಸ್ಥೆಯ ಹೆಸರು ಇಲ್ಲಿ ಬೇಡ. ಮೊದಲು ಕಾನೂನು ಹೇಳಿಬಿಡುತ್ತೇನೆ, ನಿಮಗೆ ದಾರಿ ಇರುವುದೇ ಅಲ್ಲಿ.

2015ರ ಬಾಲನ್ಯಾಯ ಕಾಯ್ದೆಯಲ್ಲಿ ಆಫ್ಟರ್‌ಕೇರ್ ಅಂತ ಒಂದು ವ್ಯವಸ್ಥೆ ಇದೆ. 18 ತುಂಬಿ ಸಂಸ್ಥೆಯಿಂದ ಹೊರಬಂದವರಿಗೆ 21ರವರೆಗೆ ನೆರವು. ವಿಶೇಷ ಸಂದರ್ಭದಲ್ಲಿ ಇನ್ನೆರಡು ವರ್ಷ, ಅಂದರೆ 23ರವರೆಗೆ, ಅಂತ 2016ರ ಮಾದರಿ ನಿಯಮಗಳು ಹೇಳುತ್ತವೆ. ಆರರಿಂದ ಎಂಟು ಜನ ಒಟ್ಟಿಗೆ ಇರುವ ತಾತ್ಕಾಲಿಕ ಮನೆ, ತರಬೇತಿ ಮುಗಿಯುವವರೆಗೆ ಸ್ಟೈಪೆಂಡ್, ಕಷ್ಟ ಸುಖ ಕೇಳಲು ಒಬ್ಬ ಕೌನ್ಸೆಲರ್, ಎಲ್ಲವೂ ಅದೇ ನಿಯಮದಲ್ಲಿದೆ. ಹುಡುಗ ಹೊರಡುವ ಎರಡು ತಿಂಗಳು ಮುಂಚೆಯೇ ಅವನ ಮುಂದಿನ ಪ್ಲಾನ್ ಬರೆದು ಮಕ್ಕಳ ಕಲ್ಯಾಣ ಸಮಿತಿಗೆ ಕೊಡಬೇಕು ಅಂತಲೂ ಇದೆ. ಮಕ್ಕಳ ರಕ್ಷಣೆಗೆ ಕೇಂದ್ರದ ಯೋಜನೆಯಾದ ಮಿಷನ್ ವಾತ್ಸಲ್ಯದ 2022ರ ಮಾರ್ಗಸೂಚಿಯಲ್ಲಿ ಇವರಿಗೆ ತಿಂಗಳಿಗೆ 4,000 ರೂಪಾಯಿ ಅಂತ ಇಟ್ಟಿದ್ದಾರೆ. ಓದಲು ಚೆನ್ನಾಗಿದೆ, ಅಲ್ವಾ? ಬೆಂಗಳೂರಿನಲ್ಲಿ ಆ ದುಡ್ಡಿಗೆ ಊಟ ಸೇರಿ ಒಂದು ಪಿಜಿ ಸಿಗುವುದೇ ಕಷ್ಟ. ಅದೂ ಎಲ್ಲರಿಗೂ ತಾನಾಗಿಯೇ ಬರುವ ದುಡ್ಡಲ್ಲ. ಯಾರೋ ಒಬ್ಬರು ಬೆನ್ನು ಹತ್ತಿ ಅರ್ಜಿ ಹಾಕಿಸಿ, ಬ್ಯಾಂಕ್ ಖಾತೆ ಸರಿಮಾಡಿಸಿ, ಮತ್ತೆ ಮತ್ತೆ ವಿಚಾರಿಸಬೇಕು.

ನಿಮಗೆ ಬೇಕಾದ ಸಂಗತಿ ಇದು: ಆಫ್ಟರ್‌ಕೇರ್ ಕೊಡಲು ಮುಂದೆ ಬರುವ ಸಂಸ್ಥೆಗಳ ಜೊತೆಗೆ ವ್ಯಕ್ತಿಗಳ ಹೆಸರನ್ನೂ ಸರ್ಕಾರ ಪಟ್ಟಿ ಮಾಡಿಟ್ಟುಕೊಳ್ಳಬೇಕು ಅಂತ ಆ ನಿಯಮದಲ್ಲೇ ಇದೆ. ಹಾಗಾಗಿ ನೀವು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ, ಹೀಗೊಂದು ಮನೆ ಇದೆ ಅಂತ ಬರೆದುಕೊಡಿ. ಜೊತೆಗೆ ಈ ಕೆಲಸ ಮಾಡುವ ಒಂದು ಸಂಸ್ಥೆಯನ್ನು ಹಿಡಿಯಿರಿ. ಮನೆ ನಿಮ್ಮದು, ಹುಡುಗರನ್ನು ನೋಡಿಕೊಳ್ಳುವ ಹೊಣೆ ಅವರದು ಅಂತ ಕಾಗದ ಆಗಲಿ. ಇಬ್ಬರಲ್ಲಿ ಒಬ್ಬರೇ ಎರಡೂ ಕೆಲಸ ಮಾಡಲು ಹೋದರೆ ಗೊಂದಲ. ಬಾಡಿಗೆ ಕೇಳುವವರ ಹತ್ತಿರ ಯಾವ ಹುಡುಗನೂ 'ಕೆಲಸ ಹೋಯಿತು, ರಾತ್ರಿ ನಿದ್ದೆ ಬರುತ್ತಿಲ್ಲ' ಅಂತ ಹೇಳಿಕೊಳ್ಳುವುದಿಲ್ಲ.

ಇನ್ನೊಂದು, ಹುಷಾರಾಗಿ ಕೇಳಿ. 18 ಆಗದವರನ್ನು ಯಾವ ಕಾರಣಕ್ಕೂ ನೇರವಾಗಿ ಇಟ್ಟುಕೊಳ್ಳಬೇಡಿ. ಪಾಪ, ಹದಿನೇಳೂವರೆ, ಬಸ್ ಸ್ಟ್ಯಾಂಡಿನಲ್ಲಿ ಮಲಗಿದ್ದಾನೆ ಅಂತ ಯಾರಾದರೂ ಕರೆತಂದರೂ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ನೋಂದಣಿ ಇಲ್ಲದೆ ಮಕ್ಕಳ ಮನೆ ನಡೆಸುವುದು ಶಿಕ್ಷೆ ಆಗುವ ಅಪರಾಧ. ನಿಮ್ಮ ಒಳ್ಳೆ ಮನಸ್ಸು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ನಾಗರಭಾವಿ ಓನರ್:

ನಾನು ಖಡಕ್ಕಾಗಿ ಹೇಳುತ್ತೇನೆ, ಬೇಜಾರಾಗಬೇಡಿ. ಬಿಟ್ಟಿ ಸಿಕ್ಕಿದ್ದಕ್ಕೆ ಬೆಲೆ ಇರುವುದಿಲ್ಲ. ನನ್ನದೇ ಮೂರು ಪೋರ್ಷನ್ ಬಾಡಿಗೆಗಿವೆ, ಬಾಡಿಗೆದಾರರ ಎಲ್ಲ ವೇಷ ನೋಡಿದ್ದೇನೆ. ಮೊದಲು ಹುಡುಗ ಒಂದು ಕೆಲಸ ಹಿಡಿಯಲಿ, ಮೂರು ತಿಂಗಳು ನಿಯತ್ತಾಗಿ ದುಡಿದು ತೋರಿಸಲಿ, ಕುಡಿತ ಗಿಡಿತ ಇಲ್ಲ ಅಂತ ಖಾತ್ರಿ ಆಗಲಿ, ಆಮೇಲೆ ಮನೆ ಕೊಡಿ. ಅಲ್ಲಿಯವರೆಗೆ ಪಾಲಿಕೆಯ ರಾತ್ರಿ ತಂಗುದಾಣ ಇದೆಯಲ್ಲ. ಮತ್ತೆ 21ಕ್ಕೆ ಹೊರಡು ಅಂದರೆ ಹೊರಡುತ್ತಾನಾ? ಆಗ ನೀವು ಕೋರ್ಟು ಕಚೇರಿ ಅಲೆಯಬೇಕು.

ಫೀಲ್ಡ್ ವರ್ಕರ್:

ಸರ್, ಅಗ್ರಿಮೆಂಟ್ ವಿಷಯ ಒಪ್ಪುತ್ತೇನೆ, ಅದು ಗಟ್ಟಿ ಇರಬೇಕು. 'ಮೊದಲು ಕೆಲಸ, ಆಮೇಲೆ ಮನೆ' ಅನ್ನುವುದನ್ನು ಮಾತ್ರ ಒಪ್ಪುವುದಿಲ್ಲ. ನೀವೇ ಯೋಚನೆ ಮಾಡಿ. ಬಸ್ ಸ್ಟ್ಯಾಂಡಿನಲ್ಲಿ ಮಲಗಿದವನು ಬೆಳಿಗ್ಗೆ ಏಳಕ್ಕೆ ಸ್ನಾನ ಮಾಡಿ, ಇಸ್ತ್ರಿ ಬಟ್ಟೆ ಹಾಕಿ ಶಿಫ್ಟಿಗೆ ಹೇಗೆ ಹೋಗುತ್ತಾನೆ? ಫೋನ್ ಎಲ್ಲಿ ಚಾರ್ಜ್ ಮಾಡುತ್ತಾನೆ? ಮಾರ್ಕ್ಸ್ ಕಾರ್ಡ್ ಇರುವ ಬ್ಯಾಗ್ ಕಳುವಾದರೆ ಕೆಲಸಕ್ಕೆ ಅರ್ಜಿ ಹಾಕಲೂ ಕಾಗದ ಇಲ್ಲ.

ಇದೇ ಜಗಳ ಬೇರೆ ಕಡೆಯೂ ನಡೆದಿದೆ. ನ್ಯೂಯಾರ್ಕಿನಲ್ಲಿ 1992ರಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞ ಇದನ್ನು ತಿರುಗಿಸಿದರು. ಬೀದಿಯಲ್ಲಿದ್ದ ಮಾನಸಿಕ ಕಾಯಿಲೆಯವರಿಗೆ, ಕುಡಿತ ಬಿಡು ಅನ್ನುವ ಷರತ್ತೂ ಇಲ್ಲದೆ, ಮೊದಲು ಮನೆ ಕೊಟ್ಟರು. ಆಮೇಲೆ ಡಾಕ್ಟರು, ಸಮಾಜ ಕಾರ್ಯಕರ್ತರು ಆ ಮನೆಗೇ ಹೋದರು. ಫಿನ್‌ಲ್ಯಾಂಡ್ 2008ರಿಂದ ಇದನ್ನೇ ದೇಶದ ನೀತಿ ಮಾಡಿಕೊಂಡಿತು, ಹಳೇ ತಂಗುದಾಣಗಳನ್ನೇ ಸಣ್ಣ ಮನೆಗಳಾಗಿ ಬದಲಾಯಿಸಿತು. ನಮ್ಮ ಹುಡುಗರು ಅವರಷ್ಟು ದೊಡ್ಡವರೂ ಅಲ್ಲ, ಹೆಚ್ಚಿನವರಿಗೆ ಅಷ್ಟು ಜಾಸ್ತಿ ತೊಂದರೆಯೂ ಇಲ್ಲ. ಮನೆ ಕೈಗೆ ಸಿಕ್ಕಿದರೆ ಬೇಗ ಚೇತರಿಸಿಕೊಳ್ಳುತ್ತಾರೆ.

ರಾತ್ರಿ ತಂಗುದಾಣ ಅಂದಿರಿ. ಲಕ್ಷ ಜನಸಂಖ್ಯೆಗೆ ಒಂದು ತಂಗುದಾಣ ಇರಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಬೆಂಗಳೂರಿನ ಜನಸಂಖ್ಯೆಗೆ ಎಷ್ಟು ಬೇಕು ಅಂತ ನೀವೇ ಗುಣಿಸಿ, ಎಷ್ಟಿವೆ ಅಂತ ಒಂದು ಸುತ್ತು ಹೋಗಿ ನೋಡಿ. ಇದ್ದರೂ ಅಲ್ಲಿ ಕೂಲಿಗೆ ಬಂದ ದೊಡ್ಡವರು, ಮುದುಕರು, ಕಾಯಿಲೆಯವರು ಎಲ್ಲ ಒಟ್ಟಿಗೆ ಇರುತ್ತಾರೆ. ಹತ್ತೊಂಬತ್ತರ ಹುಡುಗ ಅಲ್ಲಿ ಏನು ಕಲಿಯುತ್ತಾನೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ. ಬೀದಿಯಲ್ಲೇ ಉಳಿದರೆ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದು ಸುಮನಹಳ್ಳಿಯ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಒಯ್ಯುತ್ತಾರೆ ಅನ್ನುವ ಹೆದರಿಕೆ ಬೇರೆ. ಅಂದಹಾಗೆ ನೀವು ಕಟ್ಟುವ ಆಸ್ತಿ ತೆರಿಗೆಯ ರಸೀದಿಯಲ್ಲಿ ಭಿಕ್ಷುಕರ ಸೆಸ್ ಅಂತ ಇರುತ್ತದೆ ನೋಡಿ, ನೂರಕ್ಕೆ ಮೂರು ರೂಪಾಯಿ. ಅಂದರೆ ಈ ವಿಷಯಕ್ಕೆ ನೀವು ಆಗಲೇ ದುಡ್ಡು ಹಾಕಿದ್ದೀರಿ ಸರ್.

ಗಂಟೆ ಹೊಡೆದ ಮೇಲೆ ಊಟ:

ನಾನು ಅಲ್ಲೇ ಬೆಳೆದವನು. ಊರು, ಬಾಲಮಂದಿರ ಯಾವುದು ಅಂತ ಹೇಳುವುದಿಲ್ಲ. ಈಗ ಪೀಣ್ಯದಲ್ಲಿ ಸಿಎನ್‌ಸಿ ಆಪರೇಟರ್. ಮೇಲೆ ಸರ್ ಹೇಳಿದ ಕಾನೂನು ಎಲ್ಲ ನನಗೆ ಹೊರಗೆ ಬಂದು ಎಷ್ಟೋ ಕಾಲದ ಮೇಲೆ ಗೊತ್ತಾಗಿದ್ದು.

ಮೇಡಂ, ನಿಮಗೆ ಮನೆಯಲ್ಲಿ ಏನಿರಬೇಕು ಅಂತ ಹೇಳುತ್ತೇನೆ. ಒಳಗೆ ಇದ್ದಾಗ ನಮಗೆ ಎಲ್ಲದಕ್ಕೂ ಗಂಟೆ. ಏಳಲು ಗಂಟೆ, ಊಟಕ್ಕೆ ಗಂಟೆ, ಓದಲು ಗಂಟೆ. ಹೊರಗೆ ಬಂದ ದಿನ ಗಂಟೆ ನಿಲ್ಲುತ್ತದೆ. ಅಲ್ಲಿಯವರೆಗೆ ನಾನು ಒಂದು ಕೆಜಿ ಟೊಮ್ಯಾಟೊ ಕೊಂಡವನಲ್ಲ, ಗ್ಯಾಸ್ ಹಚ್ಚಿದವನಲ್ಲ. ಮೊದಲ ಸಂಬಳದಲ್ಲಿ ಶೂ ತಗೊಂಡೆ, ಫೋನಿಗೆ ಕಂತು ಕಟ್ಟಿದೆ, ರೂಂನ ಎಲ್ಲರಿಗೂ ಬಿರಿಯಾನಿ ಕೊಡಿಸಿದೆ. ತಿಂಗಳ ಮಧ್ಯಕ್ಕೆ ಕೈ ಖಾಲಿ. ಮನೆಯಲ್ಲಿ ಬೆಳೆದ ಹುಡುಗನೂ ಹೀಗೇ ಮಾಡುತ್ತಾನೆ, ಅವನಿಗೆ ಅಮ್ಮನಿಗೆ ಫೋನ್ ಮಾಡಿ ಐನೂರು ಹಾಕಿಸಿಕೊಳ್ಳಲು ಆಗುತ್ತದೆ, ನನಗೆ ಪಿಜಿಯಿಂದ ಹೊರಗೆ ಹೋಗು ಅಂದರು. ವ್ಯತ್ಯಾಸ ಅಷ್ಟೇ. ಹಾಗಾಗಿ ಆ ಮನೆಯಲ್ಲಿ ಒಂದು ಸಲ ಎಡವಲು ಜಾಗ ಇರಲಿ. ಒಂದು ತಿಂಗಳು ಕಟ್ಟಲಿಲ್ಲ ಅಂದ ಕೂಡಲೇ ಬ್ಯಾಗ್ ಹೊರಗಿಡಬೇಡಿ. ಹೋದವನು ಮತ್ತೆ ಬಂದರೆ ಒಳಗೆ ಬಿಡಿ. ನನ್ನ ಜೊತೆಯವನೊಬ್ಬ ಹೀಗೆ ವಾಪಸ್ ಬಂದು ನೆಲೆ ನಿಂತಿದ್ದಾನೆ, ಇನ್ನೊಬ್ಬನಿಗೆ ಬಾಗಿಲು ತೆಗೆಯಲಿಲ್ಲ, ಅವನು ಎಲ್ಲಿದ್ದಾನೋ ಗೊತ್ತಿಲ್ಲ.

ರಾತ್ರಿ ಬಹಳ ಕಷ್ಟ. ನಲವತ್ತು ಜನ ಮಲಗುವ ಹಾಲಿನಲ್ಲಿ ಬೆಳೆದವನಿಗೆ ಒಂದು ರೂಂನಲ್ಲಿ ಒಬ್ಬನೇ ಮಲಗಲು ಆಗುವುದಿಲ್ಲ. ಲೈಟ್ ಹಾಕಿಕೊಂಡು ಮಲಗುತ್ತಾರೆ, ಕರೆಂಟ್ ಬಿಲ್ ಅಂತ ಬಯ್ಯಬೇಡಿ. ಒಂದು ರೂಂಗೆ ಇಬ್ಬರು ಸರಿ.

ಹಬ್ಬ ಅದಕ್ಕಿಂತ ಕಷ್ಟ. ದೀಪಾವಳಿ, ಯುಗಾದಿ ಬಂತು ಅಂದರೆ ಪಿಜಿ ಖಾಲಿ, ಅಡುಗೆಯವರೂ ಊರಿಗೆ, ಹೋಟೆಲ್ ಅರ್ಧ ಮುಚ್ಚಿರುತ್ತದೆ. 'ನೀನು ಊರಿಗೆ ಹೋಗಲ್ವಾ' ಅಂತ ಎಲ್ಲರೂ ಕೇಳುತ್ತಾರೆ. ನಿಮ್ಮ ಅತ್ತೆಗೆ ಆಗುವುದಾದರೆ ಆ ದಿನ ಒಂದು ಹೊತ್ತು ಬಂದು ಒಬ್ಬಟ್ಟು ಮಾಡಲಿ, ಅಥವಾ ಹುಡುಗರ ಕೈಲೇ ಮಾಡಿಸಲಿ. ಫೋಟೋ ಮಾತ್ರ ತೆಗೆಯಬೇಡಿ. ಚಿಕ್ಕಂದಿನಿಂದ ಯಾರದೋ ಹುಟ್ಟುಹಬ್ಬಕ್ಕೆ ಬಾಳೆಹಣ್ಣು ತಗೊಂಡು ಫೋಟೋಗೆ ನಿಂತು ನಿಂತು ಸಾಕಾಗಿದೆ.

ಕಾಗದ ಪತ್ರ. ನನ್ನ ಆಧಾರ್‌ನಲ್ಲಿ ಬಹಳ ಕಾಲ ಬಾಲಮಂದಿರದ ವಿಳಾಸವೇ ಇತ್ತು, ಎಟಿಎಂ ಕಾರ್ಡ್ ಅಲ್ಲಿಗೇ ಹೋಗುತ್ತಿತ್ತು. ನಿಮ್ಮ ಮನೆಯ ಅಗ್ರಿಮೆಂಟ್ ರಿಜಿಸ್ಟರ್ ಮಾಡಿಸಿ, ಹುಡುಗರ ಹೆಸರೂ ಅದರಲ್ಲಿ ಬರುವ ಹಾಗೆ ನೋಡಿಕೊಳ್ಳಿ. ವಿಳಾಸ ಬದಲಾಯಿಸಲು ಅದು ನಡೆಯುತ್ತದೆ. ಮನೆ ಹುಡುಕುವಾಗ ಓನರ್‌ಗಳು ಕೇಳುವುದು ಮೂರೇ: ಊರು ಯಾವುದು, ಅಪ್ಪ ಏನು ಮಾಡುತ್ತಾರೆ, ನೀವು ಯಾವ ಜನ. ಮೂರಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೆಲಸಕ್ಕೆ ಸೇರಿದಾಗ ಪಿಎಫ್ ಫಾರಂನಲ್ಲಿ ನಾಮಿನಿ ಅಂತ ಇತ್ತು, ಏನು ಬರೆಯಲಿ ಅಂತ ಎಚ್‌ಆರ್ ಹುಡುಗಿಯನ್ನು ಕೇಳಿದೆ, ಅವರಿಗೂ ಗೊತ್ತಿರಲಿಲ್ಲ. ಕುಟುಂಬ ಇಲ್ಲದವರು ಯಾರ ಹೆಸರನ್ನು ಬೇಕಾದರೂ ಬರೆಯಬಹುದಂತೆ. ಈಗ ಸ್ನೇಹಿತನ ಹೆಸರಿದೆ.

ನಾಗರಭಾವಿ ಸರ್, ಬಿಟ್ಟಿ ನಮಗೂ ಬೇಡ. ಅಡ್ವಾನ್ಸ್ ಅಂತ ಒಂದೇ ಸಲ ಐವತ್ತು ಸಾವಿರ ಕೇಳುತ್ತೀರಲ್ಲ, ಅದು ನಮ್ಮ ಹತ್ತಿರ ಇರುವುದಿಲ್ಲ, ಅಷ್ಟೇ.

ಬರ್ಮಿಂಗ್‌ಹ್ಯಾಮ್ ಕನ್ನಡಿಗ:

ಮೇಲಿನ ಕಾಮೆಂಟ್ ಓದಿ ಸ್ವಲ್ಪ ಹೊತ್ತು ಏನೂ ಬರೆಯಲು ಆಗಲಿಲ್ಲ. ನಾನು ಇಲ್ಲಿ ಸೋಷಿಯಲ್ ವರ್ಕರ್, ಊರು ಹಾಸನ. ಇಲ್ಲಿನ ವ್ಯವಸ್ಥೆ ಸ್ವರ್ಗ ಅಂತ ಹೇಳಲು ಬಂದಿಲ್ಲ, ಇಲ್ಲೂ ಕೇರ್‌ನಿಂದ ಹೊರಬಂದ ಎಷ್ಟೋ ಹುಡುಗರು ಸ್ನೇಹಿತರ ಸೋಫಾ ಮೇಲೆ ಮಲಗುತ್ತಾರೆ. ಆದರೆ ಮೂರು ಸಂಗತಿ ನಿಮಗೆ ಉಪಯೋಗ ಆಗಬಹುದು.

ಇಂಗ್ಲೆಂಡಿನಲ್ಲಿ ಪ್ರತಿ ಹುಡುಗನಿಗೂ ಪರ್ಸನಲ್ ಅಡ್ವೈಸರ್ ಅಂತ ಒಬ್ಬರಿರುತ್ತಾರೆ, 2017ರ ಕಾನೂನು ಬಂದ ಮೇಲೆ 25 ತುಂಬುವವರೆಗೂ ಕೇಳಿದರೆ ಸಿಗುತ್ತಾರೆ. ಮನೆ ಹೂಡಲು 3,000 ಪೌಂಡ್ ಕೊಡುತ್ತಾರೆ, 2023ಕ್ಕೆ ಮುಂಚೆ ಅದು 2,000 ಇತ್ತು. ಫಾಸ್ಟರ್ ಮನೆಯಲ್ಲಿ, ಅಂದರೆ ಸಾಕು ಕುಟುಂಬದಲ್ಲಿ, ಬೆಳೆದವರು ಇಬ್ಬರಿಗೂ ಒಪ್ಪಿಗೆ ಇದ್ದರೆ 21ರವರೆಗೆ ಅಲ್ಲೇ ಮುಂದುವರಿಯಬಹುದು, 2014ರ ಕಾನೂನು ಅದು. ನನ್ನ ಅನುಭವದಲ್ಲಿ ಹುಡುಗರನ್ನು ಹಿಡಿದು ನಿಲ್ಲಿಸುವುದು ಆ ಪೌಂಡ್ ಅಲ್ಲ, ಅಡ್ವೈಸರ್ ಬದಲಾಗದೇ ಇರುವುದು. ವರ್ಷಕ್ಕೆ ಮೂರು ಜನ ಬದಲಾದರೆ ಹುಡುಗ ನಾಲ್ಕನೆಯವರಿಗೆ ಬಾಯಿ ಬಿಡುವುದಿಲ್ಲ. ಸಂಸ್ಥೆ ಆಯ್ಕೆ ಮಾಡುವಾಗ ಇದನ್ನೇ ಕೇಳಿ: ನಮ್ಮ ಮನೆಗೆ ಬರುವವರು ಯಾರು, ಅವರು ಎಷ್ಟು ಕಾಲದಿಂದ ನಿಮ್ಮಲ್ಲಿದ್ದಾರೆ?

ಇಲ್ಲಿ ಸಪೋರ್ಟೆಡ್ ಲಾಡ್ಜಿಂಗ್ಸ್ ಅಂತಲೂ ಇದೆ. ಒಂದು ಕುಟುಂಬ ತಮ್ಮ ಮನೆಯದೇ ಒಂದು ರೂಂ ಕೊಡುತ್ತದೆ, ಅಡುಗೆ ಮಾಡುವುದು, ಬಿಲ್ ಕಟ್ಟುವುದು ನೋಡಿ ಕಲಿಯುತ್ತಾರೆ. ನಿಮ್ಮ ಅತ್ತೆ ಮೈಸೂರಿನಿಂದ ವಾಪಸ್ ಬರುವ ಮನಸ್ಸು ಮಾಡಿದರೆ ಅವರೇ ಒಳ್ಳೇ ಲ್ಯಾಂಡ್‌ಲೇಡಿ. ತಮಾಷೆಗೆ ಹೇಳುತ್ತಿಲ್ಲ.

ಶರಾವತಿ ಆಚೆ:

ಎಲ್ಲರೂ ಹುಡುಗರು ಹುಡುಗರು ಅನ್ನುತ್ತಿದ್ದೀರಿ. ಹುಡುಗಿಯರು ಎಲ್ಲಿ ಹೋಗುತ್ತಾರೆ ಅಂತ ಯಾರಿಗಾದರೂ ಅನ್ನಿಸಿತಾ?

ಪೇಪರಿನಲ್ಲಿ ಆಗಾಗ ನೋಡುತ್ತೀರಿ. ಆಸರೆ ಇಲ್ಲದ ಹೆಣ್ಣುಮಕ್ಕಳನ್ನು ಸರ್ಕಾರ ಇರಿಸುವ ರಾಜ್ಯ ಮಹಿಳಾ ನಿಲಯದಲ್ಲಿ ಮದುವೆ, ಡಿಸಿ ಸಾಹೇಬರಿಂದಲೇ ಕನ್ಯಾದಾನ, ಎಲ್ಲರ ಕಣ್ಣಲ್ಲಿ ನೀರು. ಆ ಮದುವೆಗಳಲ್ಲಿ ಎಷ್ಟೋ ಚೆನ್ನಾಗಿಯೇ ಆಗಿರಬಹುದು, ಅಧಿಕಾರಿಗಳು ಗಂಡಿನ ಮನೆ ವಿಚಾರಿಸಿಯೇ ಕೊಡುತ್ತಾರೆ. ಆದರೆ ಹುಡುಗನಿಗೆ ಐಟಿಐ, ಹುಡುಗಿಗೆ ತಾಳಿ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಇಪ್ಪತ್ತರ ಹುಡುಗಿಗೆ ಇರಲು ಬೇರೆ ಜಾಗವೇ ಇಲ್ಲ ಅಂದರೆ ಅವಳು ಮದುವೆಗೆ ಹೂಂ ಅಂದದ್ದನ್ನು ಒಪ್ಪಿಗೆ ಅನ್ನಲು ಆಗುತ್ತದಾ? ಕೆಲಸ ಇರುವವರಿಗೆ ಸಖಿ ನಿವಾಸ ಹಾಸ್ಟೆಲ್‌ಗಳಿವೆ, ಸೀಟು ಸಿಗಬೇಕು. ಕೆಲಸ ಇನ್ನೂ ಸಿಗದವಳಿಗೆ?

ಮೇಡಂ, ನಿಮ್ಮ ಮನೆಯನ್ನು ಹುಡುಗಿಯರಿಗೆ ಕೊಡುವ ಬಗ್ಗೆಯೂ ಸಂಸ್ಥೆಯವರ ಹತ್ತಿರ ಮಾತಾಡಿ. ಅಕ್ಕಪಕ್ಕದವರ ಬ್ಯಾಚುಲರ್ ತಕರಾರೂ ಕಡಿಮೆ ಆಗುತ್ತದೆ. ಆದರೆ 'ಏಳು ಗಂಟೆ ಒಳಗೆ ಮನೆ ಸೇರಬೇಕು' ಅಂತ ಬೋರ್ಡ್ ಹಾಕಬೇಡಿ, ಗಾರ್ಮೆಂಟ್ಸ್ ಓವರ್‌ಟೈಮ್, ಆಸ್ಪತ್ರೆ ಶಿಫ್ಟ್ ಯಾವುದೂ ಏಳಕ್ಕೆ ಮುಗಿಯುವುದಿಲ್ಲ.

ಕೆಂಗೇರಿ ಸೊಸೆ:

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲವನ್ನೂ ಅತ್ತೆಗೆ ಓದಿ ಹೇಳಿದೆ. ಒಬ್ಬಟ್ಟಿನ ಮಾತು ಬಂದಾಗ ಅವರು ಫೋನ್ ಇಟ್ಟುಬಿಟ್ಟರು, ಆಮೇಲೆ ತಾವೇ ಮತ್ತೆ ಫೋನ್ ಮಾಡಿ 'ಫೋಟೋ ಬೇಡ ಅಂದಿದ್ದು ಸರಿ, ನಮ್ಮ ಶಾಲೆಯಲ್ಲೂ ದಾನಿಗಳು ಬಂದಾಗ ಅದೇ ನಡೆಯುತ್ತಿತ್ತು' ಅಂದರು. ಹುಡುಗಿಯರ ವಿಷಯಕ್ಕೆ ಅವರದು ಪೂರ್ತಿ ಒಪ್ಪಿಗೆ. ನಾವು ಸಂಸ್ಥೆಯವರನ್ನು ಕೇಳಿ ತೀರ್ಮಾನ ಮಾಡುತ್ತೇವೆ, ಅವರ ಹತ್ತಿರ ಯಾರಿಗೆ ತುರ್ತು ಇದೆಯೋ ಅವರಿಗೆ.

ಉಳಿದಿದ್ದು ಎರಡು. ದುಡ್ಡು ಎಷ್ಟು ತೆಗೆದುಕೊಳ್ಳಬೇಕು ಅಂತ ಯಾರೂ ಸರಿಯಾಗಿ ಹೇಳಲಿಲ್ಲ. ಮತ್ತೆ ಅಕ್ಕಪಕ್ಕದವರಿಗೆ ಏನು ಹೇಳಲಿ?

ಗಂಟೆ ಹೊಡೆದ ಮೇಲೆ ಊಟ:

ಅಕ್ಕಪಕ್ಕದವರಿಗೆ 'ನಮಗೆ ಗೊತ್ತಿರುವವರು, ಕೆಲಸಕ್ಕೆ ಹೋಗುತ್ತಾರೆ' ಅನ್ನಿ. ಸುಳ್ಳಲ್ಲ ಅದು. ಅನಾಥರು ಅಂತ ಪರಿಚಯ ಮಾಡಿಸಬೇಡಿ. ಯಾರಿಗೆ ಏನು ಹೇಳಬೇಕು ಅಂತ ಅಲ್ಲಿ ಇರುವವರೇ ನಿಧಾನಕ್ಕೆ ತೀರ್ಮಾನ ಮಾಡಿಕೊಳ್ಳುತ್ತಾರೆ. ಬೀದಿಯಲ್ಲಿ ಏನಾದರೂ ಕಳುವಾದರೆ ಮೊದಲು ನಮ್ಮ ಹೆಸರೇ ಬರುವುದು. ಆ ದಿನ ನೀವು ಫೋನ್ ಎತ್ತಿ.

ಫೀಲ್ಡ್ ವರ್ಕರ್:

ದುಡ್ಡಿನ ವಿಷಯ. ತರಬೇತಿಯಲ್ಲಿ ಇರುವವರಿಂದ ಏನೂ ಬೇಡ. ಸಂಬಳ ಶುರುವಾದ ಮೇಲೆ ಸಣ್ಣ ಮೊತ್ತದಿಂದ ಹಿಡಿದು, ಆರು ತಿಂಗಳಿಗೊಮ್ಮೆ ಏರಿಸಿ. ಹೊರಡುವ ಹೊತ್ತಿಗೆ ಹೊರಗಿನ ಬಾಡಿಗೆಗೆ ಹತ್ತಿರ ಬಂದಿರಲಿ, ಆಗ ಹೊರಗೆ ಹೋದಾಗ ಗಾಬರಿ ಆಗುವುದಿಲ್ಲ. ನಿಮಗೆ ದುಡ್ಡು ಅಗತ್ಯ ಇಲ್ಲದಿದ್ದರೆ ಅದನ್ನು ಅವರವರ ಹೆಸರಿನಲ್ಲೇ ಪೋಸ್ಟಾಫೀಸಿನ ಆರ್‌ಡಿಗೆ ಕಟ್ಟಿಸಿ. ಮುಂದಿನ ಮನೆಯ ಅಡ್ವಾನ್ಸ್ ಅದೇ ಆಗುತ್ತದೆ. ಇನ್ನೂ ಕೆಲಸ ಕಲಿಯದವರಿದ್ದರೆ ರುಡ್‌ಸೆಟ್ ಅನ್ನುವ ಸ್ವಉದ್ಯೋಗ ತರಬೇತಿ ಸಂಸ್ಥೆ ನೋಡಿ, ಉಜಿರೆಯಲ್ಲಿ 1982ರಲ್ಲಿ ಶುರುವಾಗಿದ್ದು, 18 ದಾಟಿದವರಿಗೆ ಊಟ ವಸತಿ ಸೇರಿ ತರಬೇತಿ ಉಚಿತ.

ಅಗ್ರಿಮೆಂಟಿನ ಒಂದು ಮಾದರಿ ನಿಮಗೆ ಖಾಸಗಿಯಾಗಿ ಕಳಿಸಿದ್ದೇನೆ. ನಾಗರಭಾವಿ ಸರ್, ನೀವೂ ಒಮ್ಮೆ ಕಣ್ಣಾಡಿಸಿ ತಪ್ಪಿದ್ದರೆ ಹೇಳಿ, ಓನರ್ ಕಣ್ಣು ಬೇಕು ಅದಕ್ಕೆ.

ನಾಗರಭಾವಿ ಓನರ್:

ಕಳಿಸಿ, ನೋಡುತ್ತೇನೆ. ನೋಟಿಸ್ ಅವಧಿ, ರಿಪೇರಿ ಖರ್ಚು ಯಾರದು, ಒಬ್ಬ ಬಿಟ್ಟರೆ ಅವನ ಜಾಗಕ್ಕೆ ಯಾರನ್ನು ತರುವುದು, ಈ ಮೂರು ಸ್ಪಷ್ಟ ಇರಬೇಕು. ಪೊಲೀಸ್ ಸ್ಟೇಷನ್ನಿಗೆ ಬಾಡಿಗೆದಾರರ ಮಾಹಿತಿ ಫಾರಂ ಕೊಟ್ಟುಬಿಡಿ, ಆಮೇಲೆ ಯಾರೂ ಬಾಯಿ ತೆಗೆಯುವುದಿಲ್ಲ. ಕರೆಂಟಿಗೆ ಗೃಹಜ್ಯೋತಿಯಲ್ಲಿ ಬಾಡಿಗೆದಾರರೂ ಹೆಸರು ಹಾಕಬಹುದು, ಆಧಾರ್ ಮತ್ತು ಮೀಟರಿನ ಆರ್‌ಆರ್ ನಂಬರ್ ಬೇಕು. ಹೆಸರು ಹಾಕಿದವನು ಮನೆ ಬಿಡುವಾಗ ಆಧಾರ್ ಡಿಲಿಂಕ್ ಮಾಡಿಸಲು ಮರೆಯಬೇಡಿ, ಇಲ್ಲದಿದ್ದರೆ ಅವನಿಗೆ ಹೊಸ ಮನೆಯಲ್ಲಿ ಸಿಗುವುದಿಲ್ಲ.

ನನ್ನ ಒಂದು ಪೋರ್ಷನ್ ಮುಂದಿನ ತಿಂಗಳು ಖಾಲಿ ಆಗುತ್ತಿದೆ. ಪೀಣ್ಯದ ತಮ್ಮ, ಅಡ್ವಾನ್ಸ್ ವಿಷಯ ಮಾತಾಡೋಣ, ಮೆಸೇಜ್ ಹಾಕು.